ಹಳೆಯ ತೀರ್ಪು ನಿಮ್ಮ ಪ್ರಕರಣಕ್ಕೆ ಅನ್ವಯಿಸುತ್ತದೆಯೇ? ಓದಿ ತಿಳಿಯುವ ಬಗೆ

2016ರ ಬೇಸಿಗೆಯಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ಹೆಣ್ಣುಮಗಳೊಬ್ಬರು ಚಿಂತಾಮಣಿಯ ನನ್ನ ಕಚೇರಿಗೆ ಬಂದರು. ಕೈಯಲ್ಲಿ ಪಹಣಿ, ವಂಶವೃಕ್ಷ ಮತ್ತು ಅಣ್ಣನ ಕಡೆಯವರು ಕೊಟ್ಟು ಕಳುಹಿಸಿದ್ದ ಒಂದು ಜೆರಾಕ್ಸ್ ಹಾಳೆ ಇದ್ದವು. ಆ ಹಾಳೆ ಸುಪ್ರೀಂ ಕೋರ್ಟಿನ ಫೂಲವತಿ ತೀರ್ಪಿನ ಹೆಡ್‌ನೋಟ್, ಅಂದರೆ ತೀರ್ಪಿನ ತಲೆಯಲ್ಲಿ ಅಚ್ಚಾಗುವ ಸಾರಾಂಶ. 2005ರ ಸೆಪ್ಟೆಂಬರ್ 9ರಂದು ತಂದೆಯೂ ಬದುಕಿರಬೇಕು, ಮಗಳೂ ಬದುಕಿರಬೇಕು. ಆಗ ಮಾತ್ರ, ಅಂದು ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಕೊಟ್ಟ ಹಕ್ಕು ಸಿಗುತ್ತದೆ ಎಂಬುದು ಅದರ ಸಾರ. ಇವರ ತಂದೆ ತೀರಿಕೊಂಡದ್ದು 1998ರಲ್ಲಿ. ನಾನು ಹಾಳೆಯನ್ನು ನೋಡಿ, "ಅಮ್ಮ, ನಿಮಗೆ ಪಾಲು ಬರುವುದಿಲ್ಲ" ಎಂದುಬಿಟ್ಟೆ. "ಅಪ್ಪನ ನೆಲದಲ್ಲಿ ನನಗೆ ಒಂದು ಗುಂಟೆಯೂ ಇಲ್ಲವೇ ಸಾರ್?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಎದ್ದು ಹೋದರು.

ಆ ರಾತ್ರಿ ತೀರ್ಪನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ನಾನು ಹೇಳಿದ್ದು ತಪ್ಪು. ಫೂಲವತಿ ತೀರ್ಪು ನಿರಾಕರಿಸಿದ್ದು ಹುಟ್ಟಿನಿಂದಲೇ ಬರುವ ಪಾಲುದಾರಿಕೆಯನ್ನು ಮಾತ್ರ. ತಂದೆಯ ಸ್ವಂತ ಪಾಲಿನಲ್ಲಿ ಮಗಳಿಗೆ ವಾರಸುದಾರಳಾಗಿ ಬರುವ ಭಾಗವನ್ನು ಅದು ಮುಟ್ಟಿಯೇ ಇರಲಿಲ್ಲ. ಅವರದು ಮೂರು ಎಕರೆ ಹಿಪ್ಪುನೇರಳೆ ತೋಟ. ತಾಯಿ ಮೊದಲೇ ತೀರಿಕೊಂಡಿದ್ದರು, ಇದ್ದದ್ದು ಅಣ್ಣ ಮತ್ತು ಇವರು. ಅಂದಿನ ಲೆಕ್ಕದಲ್ಲಿ ತಂದೆಗೂ ಅಣ್ಣನಿಗೂ ಅರ್ಧರ್ಧ, ತಂದೆಯ ಅರ್ಧದಲ್ಲಿ ಇವರಿಗೆ ಅರ್ಧ; ಹಾಗೆ ನೋಡಿದರೂ ನಾಲ್ಕನೆಯ ಒಂದು ಭಾಗ, ಅಂದರೆ 30 ಗುಂಟೆ, ಅವರದೇ. ಮರುದಿನವೇ ಫೋನ್ ಮಾಡಿ ಕರೆಸಿದೆ. (ಗುರುತು ಸಿಗದಿರಲೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಮಾಲೂರು, ಮುಳಬಾಗಿಲು, ಎಲ್ಲಿಯೇ ಆಗಲಿ, ಕೋರ್ಟಿನ ಆವರಣದಲ್ಲಿ ಇಂಥ ಒಂಟಿ ಹಾಳೆಗಳು ಈಗಲೂ ಕೈಯಿಂದ ಕೈಗೆ ಓಡಾಡುತ್ತವೆ. ಈಗ ಅವು ಮೊಬೈಲಿನಲ್ಲೂ ಬರುತ್ತವೆ. ಅವನ್ನು ನಂಬಿ ರಾಜಿಗೆ ಸಹಿ ಹಾಕಿದವರಿದ್ದಾರೆ, ನಂಬಿ ದಾವೆ ಹೂಡಿ ಸೋತವರೂ ಇದ್ದಾರೆ. ಕಕ್ಷಿದಾರರಿಗೂ ಈಗಷ್ಟೇ ವಕಾಲತ್ತು ಹಿಡಿದ ಕಿರಿಯ ವಕೀಲರಿಗೂ ಒಂದು ತೀರ್ಪನ್ನು ಓದಿ ತೂಗುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ತೀರ್ಪಿಗೆ ಕೈ ಹಾಕುವ ಮೊದಲು ನಿಮ್ಮ ಸಂಗತಿಗಳನ್ನು ಬರೆಯಿರಿ

ಒಂದು ಬಿಳಿ ಹಾಳೆ ಸಾಕು. ಪಾಲುವಿಭಾಗದ ವಿಷಯವಾದರೆ ಇಷ್ಟು ಬರೆದುಕೊಳ್ಳಿ: ಆಸ್ತಿ ಪಿತ್ರಾರ್ಜಿತವೋ, ತಂದೆಯ ಸ್ವಯಾರ್ಜಿತವೋ, ಸರ್ಕಾರದಿಂದ ಮಂಜೂರಾದದ್ದೋ. ತಂದೆ ಯಾವ ದಿನ ತೀರಿಕೊಂಡರು. ಉಯಿಲು ಇದೆಯೇ. ಹಿಂದೆ ಪಾಲಾಗಿದ್ದರೆ ಯಾವ ವರ್ಷ, ನೋಂದಣಿ ಆಗಿತ್ತೇ, ಬರೀ ಪಾಲುಪಟ್ಟಿಯೇ, ಊರ ಹಿರಿಯರ ಮುಂದೆ ಬಾಯಿಮಾತಿನಲ್ಲಿ ಆದದ್ದೇ. ಮಗಳು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದ್ದಾಳೆಯೇ. ಖಾತೆ ಯಾರ ಹೆಸರಿಗೆ, ಯಾವಾಗ ಬದಲಾಯಿತು.

ಇದನ್ನು ಮೊದಲು ಮಾಡಬೇಕೆಂದು ಒತ್ತಿ ಹೇಳುತ್ತೇನೆ. ತೀರ್ಪನ್ನು ಮೊದಲು ಓದಿದರೆ ಮನಸ್ಸು ನಮ್ಮ ಸಂಗತಿಗಳನ್ನು ಅದರ ಅಚ್ಚಿಗೆ ತಕ್ಕಂತೆ ಬಗ್ಗಿಸಿಕೊಳ್ಳುತ್ತದೆ. ಉದಾಹರಣೆಗೆ, ಹೆಣ್ಣುಮಕ್ಕಳ ಹಕ್ಕು ಎಂದೊಡನೆ ಎಲ್ಲರೂ, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಪಾಲಿದೆ ಎಂದ ಸುಪ್ರೀಂ ಕೋರ್ಟಿನ 2020ರ ವಿನೀತಾ ಶರ್ಮ ತೀರ್ಪನ್ನು ಹಿಡಿದು ಬರುತ್ತಾರೆ. ಆಸ್ತಿ ತಂದೆಯ ಸ್ವಯಾರ್ಜಿತವಾಗಿದ್ದು ಅವರು ಉಯಿಲು ಬರೆದಿಟ್ಟಿದ್ದರೆ ಆ ತೀರ್ಪಿಗೂ ನಿಮಗೂ ಸಂಬಂಧವೇ ಇಲ್ಲ. ಅಲ್ಲಿ ಉಯಿಲು ನಿಜವೇ, ಸರಿಯಾಗಿ ಸಾಬೀತಾಗುತ್ತದೆಯೇ ಎಂಬುದು ಪ್ರಶ್ನೆ. ಉಯಿಲಿಲ್ಲದ ಸ್ವಯಾರ್ಜಿತವಾದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 8ನೇ ಕಲಮಿನಲ್ಲಿ ಮಗ, ಮಗಳು, ಹೆಂಡತಿ ಎಲ್ಲರಿಗೂ ಸಮಪಾಲು ಮೊದಲಿನಿಂದಲೂ ಇದೆ.

ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯವರಿಗೆ ಒಂದು ಮಾತು. 2007ರವರೆಗೆ ನಾವು ಕೋಲಾರ ಜಿಲ್ಲೆಯಲ್ಲಿದ್ದವರು. ಹಳೆಯ ಡಿಕ್ರಿ, ಹಳೆಯ ನೋಂದಣಿ ಪತ್ರಗಳಲ್ಲಿ ಕೋಲಾರ ಎಂದೇ ಇರುತ್ತದೆ. ಬೇರೆ ಜಿಲ್ಲೆಯದೆಂದು ಅವನ್ನು ಬದಿಗಿಡಬೇಡಿ.

ಎರಡನೆಯ ಹೆಜ್ಜೆ: ತೀರ್ಪು ಯಾರದು, ಎಷ್ಟು ನ್ಯಾಯಮೂರ್ತಿಗಳದು

ಸಂವಿಧಾನದ 141ನೇ ವಿಧಿಯಂತೆ ಸುಪ್ರೀಂ ಕೋರ್ಟ್ ಸಾರಿದ ಕಾನೂನು ದೇಶದ ಎಲ್ಲ ನ್ಯಾಯಾಲಯಗಳಿಗೂ ಬದ್ಧ. ಕರ್ನಾಟಕ ಹೈಕೋರ್ಟ್ ಹೇಳಿದ್ದು ರಾಜ್ಯದ ಕೆಳ ನ್ಯಾಯಾಲಯಗಳೆಲ್ಲಕ್ಕೂ ಬದ್ಧ. ಧಾರವಾಡ ಅಥವಾ ಕಲಬುರಗಿ ಪೀಠದ ತೀರ್ಪು ನಮ್ಮ ಕಡೆ ನಡೆಯುವುದಿಲ್ಲ ಎಂದು ಹೇಳುವವರನ್ನು ನೋಡಿದ್ದೇನೆ. ಮೂರೂ ಒಂದೇ ಹೈಕೋರ್ಟ್. ಚಿಂತಾಮಣಿಯ ಕೋರ್ಟಿಗೆ ಧಾರವಾಡ ಪೀಠದ ತೀರ್ಪೂ ಅಷ್ಟೇ ಬದ್ಧ. ಮದ್ರಾಸ್ ಅಥವಾ ಆಂಧ್ರ ಹೈಕೋರ್ಟಿನ ತೀರ್ಪನ್ನು ನ್ಯಾಯಾಧೀಶರು ಗೌರವದಿಂದ ಓದಬಹುದು, ಒಪ್ಪಲೇಬೇಕೆಂದಿಲ್ಲ. ಪಕ್ಕದ ಹಳ್ಳಿಯ ಕೇಸಿನಲ್ಲಿ ನಮ್ಮದೇ ಸಿವಿಲ್ ಕೋರ್ಟ್ ಹೀಗೆ ತೀರ್ಪು ಕೊಟ್ಟಿತಲ್ಲ ಎಂದರೆ, ಅದು ಆ ಕೇಸಿನ ಕಕ್ಷಿದಾರರಿಗೆ ಮಾತ್ರ.

ನಂತರ ಪೀಠದ ಗಾತ್ರ. ಹೈಕೋರ್ಟಿನ ಏಕಸದಸ್ಯ ಪೀಠಕ್ಕಿಂತ ಇಬ್ಬರ ವಿಭಾಗೀಯ ಪೀಠ ಮೇಲು, ಅದಕ್ಕಿಂತ ಮೂವರು ಅಥವಾ ಹೆಚ್ಚಿನವರ ಪೂರ್ಣ ಪೀಠ ಮೇಲು. ಸುಪ್ರೀಂ ಕೋರ್ಟಿನಲ್ಲೂ ಇಬ್ಬರಿಗಿಂತ ಮೂವರ ಮಾತು, ಮೂವರಿಗಿಂತ ಐವರ ಮಾತು ನಿಲ್ಲುತ್ತದೆ. ಸಮಬಲದ ಪೀಠಕ್ಕೆ ಹಿಂದಿನದು ಒಪ್ಪಿಗೆಯಾಗದಿದ್ದರೆ ತಾನೇ ಬೇರೆ ದಾರಿ ಹಿಡಿಯುವಂತಿಲ್ಲ, ದೊಡ್ಡ ಪೀಠಕ್ಕೆ ಕಳುಹಿಸಬೇಕು. ರಸ್ತೆ ಅಪಘಾತದ ಪರಿಹಾರ ಕುರಿತ ಪ್ರಣಯ್ ಸೇಠಿ ಪ್ರಕರಣದಲ್ಲಿ 2017ರಲ್ಲಿ ಐವರ ಪೀಠ ಇದನ್ನು ಸ್ಪಷ್ಟವಾಗಿ ಹೇಳಿತು. ಹಿಂದಿನ ಸಮಬಲದ ತೀರ್ಪನ್ನು ಗಮನಿಸದೆ ಕೊಟ್ಟ 2013ರ ಒಂದು ತೀರ್ಪು ಬದ್ಧವಲ್ಲವೆಂದೂ ಹೇಳಿತು.

ಆದ್ದರಿಂದ ಹಾಳೆಯ ಮೂಲೆಯಲ್ಲಿ ಮೂರು ಬರೆಯಿರಿ: ನ್ಯಾಯಾಲಯ, ನ್ಯಾಯಮೂರ್ತಿಗಳ ಸಂಖ್ಯೆ, ತೀರ್ಪಿನ ದಿನಾಂಕ. ಈ ಮೂರು ಇಲ್ಲದ ಸಾಲು ಮೊಬೈಲಿಗೆ ಬಂದರೆ ಅದನ್ನು ತೀರ್ಪೆಂದು ಎಣಿಸಬೇಡಿ. ಮಧ್ಯಂತರ ಆದೇಶವನ್ನೂ, ಕಾರಣ ಕೊಡದೆ ವಿಶೇಷ ಮೇಲ್ಮನವಿ ಅರ್ಜಿಯನ್ನು ವಜಾ ಮಾಡಿದ ಒಂದು ಸಾಲನ್ನೂ ಹಾಗೆಯೇ ದೂರವಿಡಿ. ಸುಪ್ರೀಂ ಕೋರ್ಟ್ ಅರ್ಜಿಯನ್ನು ಸುಮ್ಮನೆ ವಜಾ ಮಾಡಿದರೆ ಹೈಕೋರ್ಟಿನ ಕಾರಣಗಳನ್ನೆಲ್ಲ ಒಪ್ಪಿದಂತಲ್ಲ ಎಂದು 2000ದ ಕುಂಞಹಮ್ಮದ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ವಿವರಿಸಿದೆ.

ಮೂರನೆಯ ಹೆಜ್ಜೆ: ಪೂರ್ತಿ ತೀರ್ಪನ್ನು ತೆಗೆದು ಕ್ರಮವಾಗಿ ಓದಿ

ಸುಪ್ರೀಂ ಕೋರ್ಟಿನ ಅಧಿಕೃತ ವರದಿಗಳು ಇ-ಎಸ್‌ಸಿಆರ್ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಹೈಕೋರ್ಟ್ ತೀರ್ಪುಗಳು ಅದರ ಜಾಲತಾಣದಲ್ಲಿ ಪ್ರಕರಣದ ಸಂಖ್ಯೆಯಿಂದ ದೊರೆಯುತ್ತವೆ. ಈಚಿನ ತೀರ್ಪುಗಳ ನೆತ್ತಿಯಲ್ಲಿ ಕೆಎಚ್‌ಸಿ ಎಂದಿದ್ದರೆ ಬೆಂಗಳೂರು, ಮುಂದೆ ಡಿ ಎಂದಿದ್ದರೆ ಧಾರವಾಡ, ಕೆ ಎಂದಿದ್ದರೆ ಕಲಬುರಗಿ. ಅನೇಕ ತೀರ್ಪುಗಳ ಕನ್ನಡ ಅನುವಾದವೂ ಈಗ ಇದೆ. ತಿಳಿದುಕೊಳ್ಳಲು ಅದು ಒಳ್ಳೆಯದು. ವಾದಕ್ಕೆ ಮಾತ್ರ ಇಂಗ್ಲಿಷ್ ಮೂಲವನ್ನೇ ನೋಡಬೇಕು.

ಹೆಡ್‌ನೋಟ್ ಅನ್ನು ಬರೆಯುವವರು ವರದಿ ಪ್ರಕಟಿಸುವವರು, ನ್ಯಾಯಮೂರ್ತಿಗಳು ಬರೆದದ್ದಲ್ಲ. ದಾರಿ ತೋರುವ ಕೈಮರವೆಂದು ಅದನ್ನು ನೋಡಿ ಮುಂದೆ ನಡೆಯಿರಿ. ನಾನು ಎಡವಿದ್ದು ಅಲ್ಲೇ ನಿಂತುಬಿಟ್ಟದ್ದರಿಂದ.

ನಾನು ಈಗ ಓದುವ ಕ್ರಮ ಇದು. ಮೊದಲು ಕೊನೆಯ ಎರಡು ಪುಟ: ಮೇಲ್ಮನವಿ ಪುರಸ್ಕೃತವೋ ವಜಾವೋ, ಯಾರಿಗೆ ಏನು ಸಿಕ್ಕಿತು. ಆಮೇಲೆ ಸಂಗತಿಗಳು: ಯಾರು ಯಾರ ಮೇಲೆ ದಾವೆ ಹೂಡಿದರು, ಯಾವ ವರ್ಷ, ಕೆಳಗಿನ ಕೋರ್ಟುಗಳು ಏನು ಹೇಳಿದವು. ಆಮೇಲೆ ನ್ಯಾಯಾಲಯ ತಾನೇ ಎತ್ತಿಕೊಂಡ ಪ್ರಶ್ನೆ; ಅದಕ್ಕೆ ಅಡಿಗೆರೆ ಹಾಕುತ್ತೇನೆ. ನಂತರ ಎರಡೂ ಕಡೆಯ ವಾದ. ಇಲ್ಲಿ ಎಚ್ಚರ ಬೇಕು. ವಕೀಲರ ವಾದವನ್ನು ದಾಖಲಿಸಿದ ಪ್ಯಾರಾವನ್ನೇ ಕೋರ್ಟಿನ ಅಭಿಪ್ರಾಯವೆಂದು ಕತ್ತರಿಸಿ ಹಂಚಿದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ. ಹಿಂದಿನ ತೀರ್ಪಿನಿಂದ ಎತ್ತಿದ ಉದ್ಧರಣೆಯೂ ಹಾಗೆಯೇ. ಉದ್ಧರಿಸಿದ್ದು ಒಪ್ಪಲೋ ತಳ್ಳಲೋ ಎಂಬುದು ಮುಂದಿನ ಪ್ಯಾರಾದಲ್ಲಿ ಇರುತ್ತದೆ. ಕೊನೆಗೆ ಕಾರಣಗಳು. ಇವನ್ನು ಎರಡು ಸಲ ಓದಿ.

ನಾಲ್ಕನೆಯ ಹೆಜ್ಜೆ: ತಿರುಳನ್ನು ಬೇರ್ಪಡಿಸಿ

ತೀರ್ಪಿನಲ್ಲಿರುವ ಪ್ರತಿಯೊಂದು ವಾಕ್ಯವೂ ಬದ್ಧವಲ್ಲ. ಆ ಸಂಗತಿಗಳ ಮೇಲೆ, ಆ ಪ್ರಶ್ನೆಗೆ, ಆ ಉತ್ತರ ಬರಲು ಯಾವ ಕಾರಣ ಇಲ್ಲದಿದ್ದರೆ ಆಗುತ್ತಲೇ ಇರಲಿಲ್ಲವೋ ಅದು ತಿರುಳು. ವಕೀಲರು ಅದನ್ನು ರೇಷಿಯೋ ಎನ್ನುತ್ತಾರೆ. ಉಳಿದದ್ದು ಪ್ರಾಸಂಗಿಕ ಮಾತು. ವಕೀಲರ ಬಾಯಲ್ಲಿ ಒಬಿಟರ್. ಸುಪ್ರೀಂ ಕೋರ್ಟಿನ ಪ್ರಾಸಂಗಿಕ ಮಾತಿಗೂ ಕೆಳ ನ್ಯಾಯಾಲಯಗಳಲ್ಲಿ ಬೆಲೆಯಿದೆ, ಆದರೆ ತಿರುಳಿನ ತೂಕ ಅದಕ್ಕೆ ಬರುವುದಿಲ್ಲ. ಒಂದು ತೀರ್ಪು ತಾನು ನಿಜವಾಗಿ ತೀರ್ಮಾನಿಸಿದ್ದಕ್ಕೆ ಮಾತ್ರ ಆಧಾರ, ಅದರಿಂದ ತರ್ಕ ಹೂಡಿ ಹೊರಡಿಸಬಹುದಾದ ಎಲ್ಲದಕ್ಕೂ ಅಲ್ಲ ಎಂಬ ಮಾತನ್ನು ಸುಪ್ರೀಂ ಕೋರ್ಟ್ 1967ರ ಸುಧಾಂಶು ಶೇಖರ್ ಮಿಶ್ರಾ ಪ್ರಕರಣದಿಂದ ಈಚೆಗೆ ಮತ್ತೆ ಮತ್ತೆ ಹೇಳುತ್ತ ಬಂದಿದೆ.

ತಿರುಳು ಹಿಡಿಯಲು ನನಗೆ ನೆರವಾದ ಉಪಾಯವೊಂದಿದೆ. ನಿಮಗೆ ತಿರುಳೆಂದು ಕಂಡ ವಾಕ್ಯವನ್ನು ಹೊಡೆದುಹಾಕಿ ತೀರ್ಪನ್ನು ಮತ್ತೆ ಯೋಚಿಸಿ. ಫಲಿತಾಂಶ ಹಾಗೆಯೇ ನಿಂತರೆ ಅದು ತಿರುಳಲ್ಲ. ಆಮೇಲೆ ಒಂದೊಂದೇ ಸಂಗತಿಯನ್ನು ಬದಲಿಸಿ ನೋಡಿ. ಫೂಲವತಿ ಪ್ರಕರಣದಲ್ಲಿ ತಂದೆ ತೀರಿಕೊಂಡದ್ದು 1988ರಲ್ಲಿ. ಅವರು 2006ರಲ್ಲಿ ತೀರಿಕೊಂಡಿದ್ದರೆ? ಉತ್ತರ ತಿರುಗುತ್ತಿತ್ತು. ಹಾಗಾಗಿ ಆ ದಿನಾಂಕ ತಿರುಳಿನ ಭಾಗ. ಆಸ್ತಿ ಬೆಳಗಾವಿಯ ಬದಲು ಬಾಗೇಪಲ್ಲಿಯಲ್ಲಿದ್ದರೆ? ಏನೂ ಬದಲಾಗುತ್ತಿರಲಿಲ್ಲ.

ಕೊನೆಗೆ ತಿರುಳನ್ನು ನಿಮ್ಮದೇ ಒಂದು ವಾಕ್ಯದಲ್ಲಿ ಬರೆಯಿರಿ. "ಇಂಥ ಸಂಗತಿಗಳಿದ್ದಾಗ, ಇಂಥ ಕಾರಣಕ್ಕೆ, ಇಂಥ ಫಲ" ಎಂಬ ಅಚ್ಚಿನಲ್ಲಿರಲಿ. ಬರೆಯಲು ಬಾರದಿದ್ದರೆ ತೀರ್ಪು ಇನ್ನೂ ಅರ್ಥವಾಗಿಲ್ಲ ಎಂದು ತಿಳಿದು ಮತ್ತೆ ಕುಳಿತುಕೊಳ್ಳಿ.

ಐದನೆಯ ಹೆಜ್ಜೆ: ಕಾಯ್ದೆಯ ಯಾವ ಪದದ ಮೇಲೆ ಕೋರ್ಟ್ ಬೆರಳಿಟ್ಟಿದೆ ನೋಡಿ

ಇದು ನನಗೆ ಎಲ್ಲಕ್ಕಿಂತ ಪ್ರಿಯವಾದ ಭಾಗ. ಕಾಯ್ದೆಯ ಅದೇ ಸಾಲನ್ನು ಓದಿ ಎರಡು ಪೀಠಗಳು ಎರಡು ಕಡೆಗೆ ಹೇಗೆ ಹೋಗುತ್ತವೆ ಎಂಬುದು ಇಲ್ಲಿ ಕಾಣುತ್ತದೆ.

ತಿದ್ದುಪಡಿಯಾದ 6ನೇ ಕಲಮು ಹೇಳುವುದಿಷ್ಟು: ತಿದ್ದುಪಡಿ ಜಾರಿಗೆ ಬಂದಂದಿನಿಂದ ಮಗಳು ಹುಟ್ಟಿನಿಂದಲೇ, ಮಗನಂತೆಯೇ, ತನ್ನ ಸ್ವಂತ ಹಕ್ಕಿನಿಂದ ಪಾಲುದಾರಳಾಗುತ್ತಾಳೆ. 2015ರ ಅಕ್ಟೋಬರಿನಲ್ಲಿ ಫೂಲವತಿ ಪೀಠದ ಇಬ್ಬರು ನ್ಯಾಯಮೂರ್ತಿಗಳು "ಜಾರಿಗೆ ಬಂದಂದಿನಿಂದ" ಎಂಬ ಪದಗಳಿಗೆ ತೂಕ ಕೊಟ್ಟರು. ಹಕ್ಕು ಕೊಡುವ ಕಾನೂನು ಮುಂದಕ್ಕೆ ಅನ್ವಯಿಸುತ್ತದೆ, ಹಿಂದಕ್ಕೆ ಅನ್ವಯಿಸಬೇಕಾದರೆ ಕಾಯ್ದೆಯೇ ಹಾಗೆ ಹೇಳಬೇಕು ಎಂಬುದು ಹಳೆಯ ಸೂತ್ರ. ಅದರಂತೆ ಆ ದಿನ ಬದುಕಿರುವ ಪಾಲುದಾರನ ಮಗಳಿಗಷ್ಟೇ ಹಕ್ಕು ಎಂದರು.

2018ರ ಫೆಬ್ರವರಿಯಲ್ಲಿ ಇನ್ನೊಂದು ಇಬ್ಬರ ಪೀಠದ ಮುಂದೆ ದಾನಮ್ಮ ಪ್ರಕರಣ ಬಂತು. ಅದೂ ನಮ್ಮ ರಾಜ್ಯದಿಂದಲೇ ಹೋದದ್ದು. ತಂದೆ 2001ರಲ್ಲಿ ತೀರಿಕೊಂಡಿದ್ದರು, ದಾವೆ 2002ರದು. ಆ ಪೀಠ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು. ಕೆಳಗಿನ ಕೋರ್ಟುಗಳಿಗೆ ಈಗ ಎದುರುಬದುರಾದ ಎರಡು ತೀರ್ಪುಗಳು. ವಾಯಿದೆಯ ಮೇಲೆ ವಾಯಿದೆ ಬೀಳುತ್ತಿದ್ದ ಆ ಎರಡು ವರ್ಷಗಳು ನನಗೆ ಚೆನ್ನಾಗಿ ನೆನಪಿವೆ.

2020ರ ಆಗಸ್ಟ್ 11ರಂದು ಮೂವರ ಪೀಠ ವಿನೀತಾ ಶರ್ಮ ಪ್ರಕರಣದಲ್ಲಿ ಬೆರಳನ್ನು "ಹುಟ್ಟಿನಿಂದಲೇ" ಎಂಬ ಪದದ ಮೇಲಿಟ್ಟಿತು. ಹಕ್ಕು ಹುಟ್ಟಿನಿಂದ ಬರುವುದಾದರೆ ತಂದೆಯ ಸಾವು ಅದನ್ನು ತಡೆಯುವುದು ಹೇಗೆ? ಹಳೆಯ ಕಾಯ್ದೆಯಲ್ಲಿದ್ದ ಕಾಲ್ಪನಿಕ ಪಾಲು, ಅಂದರೆ ಸಾಯುವ ಮುನ್ನವೇ ಪಾಲಾಗಿತ್ತೆಂದು ಭಾವಿಸಿ ಹಾಕುವ ಲೆಕ್ಕ, ಸತ್ತವನ ಭಾಗ ಎಷ್ಟೆಂದು ಎಣಿಸುವುದಕ್ಕಷ್ಟೇ ಇತ್ತು, ಅದರಿಂದ ಕುಟುಂಬ ನಿಜವಾಗಿ ಒಡೆಯುವುದಿಲ್ಲ. ಆದ್ದರಿಂದ 2005ರಲ್ಲಿ ತಂದೆ ಬದುಕಿರಬೇಕಾಗಿಲ್ಲ ಎಂದು ಹೇಳಿ ಫೂಲವತಿಯನ್ನು ಬದಿಗೊತ್ತಿತು. ದಾನಮ್ಮ ತೀರ್ಪಿನ ಕಾರಣಗಳಲ್ಲೂ ಒಂದಷ್ಟನ್ನು ಒಪ್ಪಲಿಲ್ಲ. ಗೆದ್ದ ತೀರ್ಪಿನ ಕಾರಣವೂ ಪೂರ್ತಿ ಗೆಲ್ಲುವುದಿಲ್ಲ, ಇದನ್ನು ಗಮನಿಸಿ.

ಕೋರ್ಟ್ ಮೊದಲು ಪದದ ನೇರ ಅರ್ಥವನ್ನು ನೋಡುತ್ತದೆ. ಎರಡು ಅರ್ಥ ಹೊರಟರೆ, ಹಿಂದಿನ ಕಾನೂನಿನಲ್ಲಿ ಯಾವ ಕೊರತೆಯಿತ್ತು, ಅದನ್ನು ನೀಗಲು ಶಾಸನಸಭೆ ಏನು ಮಾಡಿತು ಎಂದು ಕೇಳುತ್ತದೆ. 1584ರ ಹೇಡನ್ ಪ್ರಕರಣದಿಂದ ಬಂದ ಈ ಬಗೆಯನ್ನು ನಮ್ಮ ಸುಪ್ರೀಂ ಕೋರ್ಟ್ 1955ರ ಬೆಂಗಾಲ್ ಇಮ್ಯುನಿಟಿ ಪ್ರಕರಣದಲ್ಲಿ ಬಳಸಿತು. ನೀವು ಓದುತ್ತಿರುವ ತೀರ್ಪು ಯಾವ ದಾರಿ ಹಿಡಿದಿದೆ ಎಂದು ಅಂಚಿನಲ್ಲಿ ಗುರುತು ಹಾಕಿಕೊಳ್ಳಿ. ಎದುರಾಳಿ ವಕೀಲರು ಹಿಡಿಯುವ ದಾರಿ ಸಾಮಾನ್ಯವಾಗಿ ಇನ್ನೊಂದೇ ಆಗಿರುತ್ತದೆ.

ಆರನೆಯ ಹೆಜ್ಜೆ: ತೀರ್ಪು ಇಂದಿಗೂ ಜೀವಂತವಾಗಿದೆಯೇ

ತೀರ್ಪಿನ ಹೆಸರನ್ನು ಹುಡುಕಿ, ಅದರ ನಂತರ ಬಂದವು ಅದನ್ನು ಅನುಸರಿಸಿವೆಯೇ, ಸಂಗತಿಗಳು ಬೇರೆ ಎಂದು ಪಕ್ಕಕ್ಕಿಟ್ಟಿವೆಯೇ, ತಳ್ಳಿಹಾಕಿವೆಯೇ ನೋಡಿ. ವಾದದ ಹಿಂದಿನ ದಿನ ಮತ್ತೊಮ್ಮೆ ನೋಡಿ.

ಶಿಡ್ಲಘಟ್ಟದ ಆ ತೋಟದ ದಾವೆಯಲ್ಲಿ 2019ರಲ್ಲಿ ನಾಲ್ಕನೆಯ ಒಂದು ಭಾಗಕ್ಕೆ ಪ್ರಾಥಮಿಕ ಡಿಕ್ರಿ, ಅಂದರೆ ಯಾರಿಗೆ ಎಷ್ಟು ಭಾಗ ಎಂದು ಹೇಳುವ ಡಿಕ್ರಿ, ಆಗಿತ್ತು. ಜಮೀನನ್ನು ಅದರಂತೆ ಹಂಚಿಕೊಡುವ ಅಂತಿಮ ಡಿಕ್ರಿಯ ಕಲಾಪ ನಡೆಯುತ್ತಿರುವಾಗ ವಿನೀತಾ ಶರ್ಮ ತೀರ್ಪು ಬಂತು. ಡಿಕ್ರಿ ಆಗಿಹೋಗಿದೆಯಲ್ಲ, ಇನ್ನೇನು ಎಂದು ಹಿರಿಯರೊಬ್ಬರು ಕೇಳಿದರು. ಅಂತಿಮ ಡಿಕ್ರಿ ಆಗುವವರೆಗೆ ಪಾಲುಗಳನ್ನು ತಿದ್ದಬಹುದು ಎಂದು 2011ರ ಗಂಡೂರಿ ಕೋಟೇಶ್ವರಮ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವಿನೀತಾ ಶರ್ಮ ತೀರ್ಪೂ ಅದನ್ನೇ ಹೇಳಿದೆ. ಹೊಸ ಲೆಕ್ಕದಲ್ಲಿ ತಂದೆ, ಮಗ, ಮಗಳು ಮೂವರಿಗೂ ಮೂರನೆಯ ಒಂದೊಂದು ಭಾಗ. ತಂದೆಯ ಭಾಗವನ್ನು ಇಬ್ಬರು ಮಕ್ಕಳು ಹಂಚಿಕೊಂಡರೆ ಇಬ್ಬರಿಗೂ ಅರ್ಧರ್ಧ. 30 ಗುಂಟೆ ಇದ್ದದ್ದು 1 ಎಕರೆ 20 ಗುಂಟೆ ಆಯಿತು.

ತೀರ್ಪು ಹಳತಾಗುವುದಕ್ಕೆ ಇನ್ನೊಂದು ಕಾರಣ ಶಾಸನಸಭೆ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಮಂಜೂರಾದ ಜಮೀನಿನ ಪರಭಾರೆಯನ್ನು ತಡೆಯುವ 1978ರ ಕಾಯ್ದೆ, ಅಂದರೆ ಪಿಟಿಸಿಎಲ್, ನಮ್ಮ ಕಡೆಯ ಹಳ್ಳಿಗಳಲ್ಲಿ ಪರಿಚಿತ ಹೆಸರು. 2017ರ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಜಮೀನು ಮರಳಿ ಕೊಡಿಸಲು ಕೋರುವ ಅರ್ಜಿಯನ್ನು ಯುಕ್ತ ಸಮಯದೊಳಗೆ ಹಾಕಬೇಕೆಂದಿತು. ಆ ತೀರ್ಪಿನ ಬಲದಲ್ಲಿ ಎಷ್ಟೋ ಅರ್ಜಿಗಳು ಬಿದ್ದವು. 2023ರಲ್ಲಿ ರಾಜ್ಯ ಕಾಯ್ದೆಯನ್ನೇ ತಿದ್ದಿ, ಅರ್ಜಿಗೆ ಕಾಲಮಿತಿಯಿಲ್ಲ ಎಂಬ ಮಾತನ್ನು ಸೇರಿಸಿತು. ಅದರ ನಂತರವೂ ವಿಳಂಬದ ಪ್ರಶ್ನೆ ಹೈಕೋರ್ಟಿಗೆ ಮತ್ತೆ ಬಂದಿದೆ. ಪಿಟಿಸಿಎಲ್ ವಿಷಯದಲ್ಲಿ 2023ಕ್ಕೆ ಮುಂಚಿನ ತೀರ್ಪೊಂದನ್ನೇ ನಂಬಿ ಹೆಜ್ಜೆ ಇಡಬೇಡಿ, ತಿದ್ದುಪಡಿಯನ್ನೂ ಅದರ ನಂತರದ ತೀರ್ಪುಗಳನ್ನೂ ಕೂಡಿಸಿ ಓದಿ.

ಏಳನೆಯ ಹೆಜ್ಜೆ: ಎರಡು ಹಾಳೆಗಳನ್ನು ಪಕ್ಕಪಕ್ಕ ಇಡಿ

ಮೊದಲು ಬರೆದ ನಿಮ್ಮ ಸಂಗತಿಗಳ ಹಾಳೆ ಎಡಕ್ಕೆ, ತೀರ್ಪಿನ ಸಂಗತಿಗಳು ಬಲಕ್ಕೆ. ತಿರುಳಿಗೆ ಬೇಕಾದ ಸಂಗತಿಗಳು ಎರಡೂ ಕಡೆ ಹೊಂದಿದರೆ ತೀರ್ಪು ನಿಮ್ಮದು. ಒಂದು ಮುಖ್ಯ ಸಂಗತಿ ಬೇರೆಯಾದರೂ, ಆ ತೀರ್ಪು ಇಲ್ಲಿ ಹೊಂದುವುದಿಲ್ಲ ಎನ್ನಲು ಎದುರಿನವರಿಗೆ ದಾರಿಯಾಯಿತು.

ನಮ್ಮ ಕಡೆ ಬಹಳ ಸಲ ಬರುವ ತಕರಾರು ಬಾಯಿಮಾತಿನ ಪಾಲು. "1990ರಲ್ಲೇ ಹಿರಿಯರ ಮುಂದೆ ಪಾಲಾಗಿದೆ, ಹೆಣ್ಣುಮಗಳಿಗೆ ಅರಿಶಿನ ಕುಂಕುಮಕ್ಕೆಂದು ಕೊಟ್ಟಾಗಿದೆ" ಎನ್ನುತ್ತಾರೆ ಅಣ್ಣತಮ್ಮಂದಿರು. 2004ರ ಡಿಸೆಂಬರ್ 20ಕ್ಕೆ ಮೊದಲು ಆದ ಪಾಲು, ಕ್ರಯ, ಉಯಿಲುಗಳಿಗೆ ಕಾಯ್ದೆ ರಕ್ಷಣೆ ಕೊಟ್ಟಿದೆ. ಹಾಗಾದರೆ ಅವರೇ ಗೆದ್ದರೇ? ವಿನೀತಾ ಶರ್ಮ ತೀರ್ಪನ್ನು ಪೂರ್ತಿ ಓದಿದವರಿಗೆ ಗೊತ್ತು: ಬಾಯಿಮಾತಿನ ಪಾಲನ್ನು ಸಲೀಸಾಗಿ ಒಪ್ಪುವಂತಿಲ್ಲ, ಸಾರ್ವಜನಿಕ ದಾಖಲೆಗಳ ಬೆಂಬಲವಿದ್ದು ಡಿಕ್ರಿಯಷ್ಟೇ ಖಚಿತವಾಗಿ ಸಾಬೀತಾಗುವ ಅಪರೂಪದ ಸಂದರ್ಭದಲ್ಲಿ ಮಾತ್ರ ಒಪ್ಪಬಹುದು. ಆದ್ದರಿಂದ ನೋಡಬೇಕಾದದ್ದು ದಾಖಲೆಗಳನ್ನು. ಅಂದಿನಿಂದಲೇ ಪಹಣಿಗಳು ಬೇರೆಬೇರೆಯಾಗಿವೆಯೇ, ಮ್ಯುಟೇಶನ್ ಯಾವ ಆಧಾರದ ಮೇಲೆ ಆಯಿತು, ಕಂದಾಯ ಯಾರು ಕಟ್ಟಿದರು, ಬ್ಯಾಂಕಿನ ಸಾಲಕ್ಕೆ ಯಾರು ಯಾವ ಭಾಗವನ್ನು ಅಡವಿಟ್ಟರು. ಮೂವತ್ತು ವರ್ಷ ಬೇರೆ ಖಾತೆ, ಬೇರೆ ಸಾಲ, ಬೇರೆ ಬೋರ್‌ವೆಲ್ ಇದ್ದರೆ ಅಣ್ಣನ ಮಾತಿಗೆ ಬಲವಿದೆ, ತಂಗಿಯ ವಕೀಲರು ಅದನ್ನು ಅವರಿಗೆ ಮೊದಲೇ ಹೇಳಬೇಕು. ದಾವೆ ಹೂಡುವ ಹಿಂದಿನ ತಿಂಗಳು ಹುಟ್ಟಿದ ಪಾಲುಪಟ್ಟಿಯಾದರೆ ತೀರ್ಪು ತಂಗಿಯ ಕಡೆ ನಿಲ್ಲುತ್ತದೆ.

ಶಿಡ್ಲಘಟ್ಟದ ದಾವೆಯಲ್ಲೂ ಈ ತಕರಾರು ಬಂದಿತ್ತು. ತಂದೆ ತೀರಿಕೊಂಡ ಮೇಲೂ ಎಷ್ಟೋ ವರ್ಷ ಪಹಣಿ ಅವರ ಒಬ್ಬರ ಹೆಸರಿನಲ್ಲೇ ನಡೆದಿತ್ತು, ಅದರಿಂದ ವಾದ ನಿಲ್ಲಲಿಲ್ಲ.

ಎಂಟನೆಯ ಹೆಜ್ಜೆ: ಕೋರ್ಟಿನ ಮುಂದಿಡುವುದು

ಹತ್ತು ತೀರ್ಪುಗಳ ಕಟ್ಟು ಬೇಡ. ನಿಮ್ಮ ಪ್ರಶ್ನೆಗೆ ನೇರವಾಗಿ ಉತ್ತರಿಸುವ ಎರಡೋ ಮೂರೋ ಸಾಕು. ಪೂರ್ತಿ ಪ್ರತಿ ಕೊಡಿ, ಬೇಕಾದ ಪ್ಯಾರಾಗಳಿಗೆ ಗುರುತು ಹಾಕಿ, ಒಂದು ಪುಟದ ಮೆಮೊದಲ್ಲಿ ಸಂಗತಿಗಳ ಹೋಲಿಕೆಯನ್ನು ಬರೆಯಿರಿ. ನಿಮಗೆ ವಿರುದ್ಧವಾದ ತೀರ್ಪಿದ್ದರೆ ಅದನ್ನೂ ನೀವೇ ಮುಂದಿಟ್ಟು, ಇಲ್ಲಿ ಏಕೆ ಹೊಂದುವುದಿಲ್ಲ ಎಂದು ಹೇಳಿ. ಮುಚ್ಚಿಟ್ಟ ತೀರ್ಪನ್ನು ಎದುರಿನವರು ತೆಗೆದರೆ, ಆಮೇಲೆ ನೀವು ಹೇಳುವ ಸರಿಯಾದ ಮಾತನ್ನೂ ನ್ಯಾಯಾಧೀಶರು ಅನುಮಾನದಿಂದಲೇ ಕೇಳುತ್ತಾರೆ.

ವಕೀಲರ ಶುಲ್ಕ ಕೊಡಲಾಗದ ಹೆಣ್ಣುಮಕ್ಕಳು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು. 1987ರ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ಸಿಗುತ್ತದೆ. ದೂರವಾಣಿ ಸಂಖ್ಯೆ 15100. ಹೋಗುವಾಗ ಯಾರೋ ಕೊಟ್ಟ ತೀರ್ಪಿನ ಹಾಳೆಗಿಂತ ಮೊದಲು ಪಹಣಿ, ವಂಶವೃಕ್ಷ, ತಂದೆಯ ಮರಣ ಪ್ರಮಾಣಪತ್ರ ಮತ್ತು ನೀವೇ ಬರೆದ ದಿನಾಂಕಗಳ ಹಾಳೆಯನ್ನು ತೆಗೆದುಕೊಂಡು ಹೋಗಿ.